ಬಾಪ ಎರಡು ಸಲ ಓದುವ ಚೀಟಿ

ನಮ್ಮ ಬಾಪನ ಅಂಗಡಿಯಲ್ಲಿ ಒಂದು ಕ್ರಮವಿದೆ. ಗಿರಾಕಿ ಸಾಮಾನು ಹೇಳುತ್ತಾ ಹೋದ ಹಾಗೆ ಬಾಪ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಬರೆದು ಮುಗಿದ ಕೂಡಲೇ ತಕ್ಕಡಿಗೆ ಕೈ ಹಾಕುವುದಿಲ್ಲ. ಮೊದಲು ಚೀಟಿಯನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. "ಅಕ್ಕಿ ಐದು, ತೊಗರಿಬೇಳೆ ಒಂದು, ಬೆಲ್ಲ ಅರ್ಧ, ಬೀಡಿ ಎರಡು ಕಟ್ಟು. ಸರಿಯಾ?" ಗಿರಾಕಿ ಹೂಂ ಎಂದ ಮೇಲೆ ಕಟ್ಟಲು ಶುರು. ಎಲ್ಲ ಕಟ್ಟಿದ ಮೇಲೆ ಇನ್ನೊಮ್ಮೆ ಓದು. ಈ ಸಲ ಗಿರಾಕಿಗಲ್ಲ, ಪೊಟ್ಟಣಗಳಿಗೆ. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಚೀಟಿಯಲ್ಲಿ ಗೀಟು ಹಾಕುತ್ತಾರೆ.

ಚಿಕ್ಕವನಿದ್ದಾಗ ನನಗೆ ಇದು ನಾಚಿಕೆಯ ವಿಷಯವಾಗಿತ್ತು. ಅಂಗಡಿ ಎದುರು ಹತ್ತು ಜನ ನಿಂತಿರುವಾಗ ಹೀಗೆ ಓದುತ್ತಾ ಕೂತರೆ ವ್ಯಾಪಾರ ಆಗುವುದು ಯಾವಾಗ? ಕೇಳಿದರೆ ಬಾಪ ಹೇಳುತ್ತಿದ್ದದ್ದು ಒಂದೇ ಮಾತು. "ಮೋನೆ, ಇವರು ಕಾಡು ದಾಟಿ ನಡೆದು ಬಂದವರು. ಮನೆಗೆ ಹೋಗಿ ಬಿಚ್ಚಿದಾಗ ಉಪ್ಪಿನ ಬದಲು ಸಕ್ಕರೆ ಇದ್ದರೆ ಇನ್ನೊಂದು ವಾರ ಉಪ್ಪಿಲ್ಲ."

ಆ ಮಾತು ನನಗೆ ಅರ್ಥವಾಗಲು ಇಪ್ಪತ್ತೈದು ವರ್ಷ ಬೇಕಾಯಿತು. ಒಬ್ಬರ ಬಾಳೆತೋಟವೂ ಬೇಕಾಯಿತು. ಅದನ್ನೇ ಬರೆಯುತ್ತಿದ್ದೇನೆ.

ಕರಾವಳಿಯ ನಮ್ಮವರಿಗೆ ದಿಂಬಂ ಎಲ್ಲಿ ಎಂದು ಹೇಳಬೇಕು. ಚಾಮರಾಜನಗರದಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ ಹಾಸನೂರು ದಾಟಿದ ಮೇಲೆ ಬೆಟ್ಟ ಒಮ್ಮೆಲೇ ಮುಗಿಯುತ್ತದೆ. ಅಲ್ಲಿಂದ ಕೆಳಗಿನ ಬಣ್ಣಾರಿಗೆ 27 ತಿರುವುಗಳ ಘಾಟಿ. ಆ ಘಾಟಿಯ ತಲೆಯಲ್ಲಿರುವ ಪುಟ್ಟ ಊರೇ ದಿಂಬಂ. ಜಿಲ್ಲೆ ಈರೋಡ್, ರಾಜ್ಯ ತಮಿಳುನಾಡು, ಆದರೆ ಈ ತಾಳವಾಡಿ ಸೀಮೆಯ ಮನೆಮಾತು ಹೆಚ್ಚಾಗಿ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇದೇ ಸೀಮೆಯಲ್ಲಿ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಸುತ್ತಲೂ ಸತ್ಯಮಂಗಲ ಕಾಡು. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ.

ಬಾಪ ಮಂಗಳೂರು ಕಡೆಯವರು. ಮೀನಿನ ಲಾರಿಯಲ್ಲಿ ಕ್ಲೀನರ್ ಆಗಿ ಈ ದಾರಿಯಲ್ಲಿ ಓಡಾಡುತ್ತಿದ್ದರು. ಒಮ್ಮೆ ಲಾರಿ ಘಾಟಿಯಲ್ಲಿ ಕೆಟ್ಟು ಮೂರು ದಿನ ನಿಂತಿತಂತೆ. ಮೂರು ದಿನವೂ ಒಂದು ಒಳ್ಳೆಯ ಚಹಾ ಸಿಗಲಿಲ್ಲವಂತೆ. "ಚಹಾ ಇಲ್ಲದ ಕಡೆ ಒಬ್ಬ ಬ್ಯಾರಿ ಬೇಕು" ಎಂದು ಬಾಪ ಈಗಲೂ ನಗುತ್ತಾರೆ. ಚಹಾ ಅಂಗಡಿ ದಿನಸಿ ಅಂಗಡಿಯಾಯಿತು, ಉಮ್ಮ ಬಂದರು, ನಾವು ಹುಟ್ಟಿದೆವು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಬಸ್ಸಿನವರ ಜೊತೆ ತಮಿಳು. ನಾವು ಬೆಳೆದದ್ದು ಹೀಗೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಕೊಯಮತ್ತೂರಿನಲ್ಲಿ ಪಂಪು ತಯಾರಿಸುವ ಒಂದು ಘಟಕದಲ್ಲಿ ಮೆಯಿಂಟೆನೆನ್ಸ್ ಕೆಲಸಕ್ಕೆ ಸೇರಿದೆ. ಬೇರಿಂಗ್, ಬೆಲ್ಟು, ಆಯಿಲ್ ಸೀಲು ನನ್ನ ಲೋಕ. ಆದರೆ ಯಂತ್ರ ನಿಂತಾಗಲೆಲ್ಲ ತಪ್ಪು ಕಬ್ಬಿಣದಲ್ಲಿ ಇರುತ್ತಿರಲಿಲ್ಲ, ಹಸಿರು ಬೋರ್ಡಿನಲ್ಲಿ ಇರುತ್ತಿತ್ತು. ಹೊರಗಿನಿಂದ ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದು, ವಯರು ಚುಚ್ಚಿ, ಐದು ನಿಮಿಷ ಕೂತು, ನನ್ನ ಅರ್ಧ ತಿಂಗಳ ಸಂಬಳದಷ್ಟು ಬಿಲ್ ಮಾಡಿ ಹೋಗುತ್ತಿದ್ದ. ಅವನು ಮಾಡುವುದೇನು ಎಂಬ ಹೊಟ್ಟೆಕಿಚ್ಚಿನಿಂದ ನಾನು ಆರ್ಡುಯಿನೊ ಕೊಂಡೆ.

ಆರ್ಡುಯಿನೊ ಎಂದರೆ ಬೆಂಕಿಪೊಟ್ಟಣದಷ್ಟು ಬೋರ್ಡು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ್ದು. ಮಸ್ಸಿಮೊ ಬಾಂಝಿ ಮತ್ತು ಅವರ ಜೊತೆಗಾರರು ಅದನ್ನು ಮಾಡಿದರು. ಅದಕ್ಕೂ ಮೊದಲು ಅದೇ ಶಾಲೆಯಲ್ಲಿ ಎರ್ನಾಂಡೊ ಬರಗಾನ್ ಎಂಬ ಕೊಲಂಬಿಯಾದ ವಿದ್ಯಾರ್ಥಿ ವೈರಿಂಗ್ ಎಂಬ ಹೆಸರಿನಲ್ಲಿ ದಾರಿ ಹಾಕಿಕೊಟ್ಟಿದ್ದರು. ಎಲೆಕ್ಟ್ರಾನಿಕ್ಸ್ ಓದದವರೂ ಬಳಸಬೇಕು ಎಂಬುದೇ ಅವರ ಉದ್ದೇಶ. ನಕ್ಷೆ ಎಲ್ಲರಿಗೂ ತೆರೆದಿರುವುದರಿಂದ ಅದನ್ನೇ ಹೋಲುವ ಅಗ್ಗದ ಬೋರ್ಡುಗಳು ನಮ್ಮ ಪೇಟೆಯಲ್ಲೂ ಸಿಗುತ್ತವೆ. ನಾನು ಕೊಂಡದ್ದು ನ್ಯಾನೊ ಮಾದರಿಯ ಅಂಥ ಒಂದು.

ಬೋರ್ಡು ತಾನಾಗಿ ಏನೂ ಮಾಡುವುದಿಲ್ಲ. ಕಂಪ್ಯೂಟರಿನಲ್ಲಿ ಆರ್ಡುಯಿನೊ ಐಡಿಇ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದರಲ್ಲಿ ಪ್ರೋಗ್ರಾಂ ಬರೆದು, ಬಾಣದ ಗುರುತಿನ ಅಪ್‌ಲೋಡ್ ಬಟನ್ ಒತ್ತಬೇಕು. ಒತ್ತಿದ ಮೇಲೆ ಒಳಗೆ ಕೆಲಸ ಮಾಡುವವನು ಬೇರೆ. ಅವನ ಹೆಸರು ಎವಿಆರ್‌ಡ್ಯೂಡ್. ಬೋರ್ಡಿನ ಚಿಪ್ಪಿಗೆ ಪ್ರೋಗ್ರಾಂ ಇಳಿಸುವ, ಏರಿಸುವ ಕೂಲಿಯಾಳು.

ನನ್ನ ಮೊದಲ ಮೂರು ರಾತ್ರಿ ಅವನ ಜೊತೆ ಜಗಳದಲ್ಲೇ ಹೋಯಿತು. ಮೊದಲ ರಾತ್ರಿ ಕಂಪ್ಯೂಟರಿಗೆ ಬೋರ್ಡೇ ಕಾಣಲಿಲ್ಲ. ನಾನು ಚುಚ್ಚಿದ್ದು ಮೊಬೈಲ್ ಚಾರ್ಜ್ ಮಾಡುವ ಕೇಬಲ್. ಅಂಥ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ಎರಡು ವಯರು ಮಾತ್ರ ಇರುತ್ತವೆ, ಮಾತಿನ ವಯರು ಇರುವುದಿಲ್ಲ. ಎರಡನೇ ರಾತ್ರಿ ಯುಎಸ್‌ಬಿ ಚಿಪ್ಪಿನ ಡ್ರೈವರ್ ಹುಡುಕಾಟ. ಅಗ್ಗದ ಬೋರ್ಡುಗಳಲ್ಲಿ ಹೆಚ್ಚಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ, ನನ್ನ ಹಳೆಯ ಕಂಪ್ಯೂಟರಿನಲ್ಲಿ ಅದಕ್ಕೆ ಡ್ರೈವರನ್ನು ಬೇರೆಯಾಗಿ ಹಾಕಬೇಕಿತ್ತು. ಮೂರನೇ ರಾತ್ರಿ ಪೋರ್ಟ್ ಸಿಕ್ಕಿತು, ಆದರೆ "ಪ್ರೋಗ್ರಾಮರ್ ಈಸ್ ನಾಟ್ ರೆಸ್ಪಾಂಡಿಂಗ್" ಎಂದು ಹತ್ತು ಸಲ ಕೆಂಪಕ್ಷರ. ಬೋರ್ಡು ಸುಟ್ಟಿದೆ ಎಂದೇ ಭಾವಿಸಿದೆ. ಸುಟ್ಟಿರಲಿಲ್ಲ. ನ್ಯಾನೊ ಬೋರ್ಡುಗಳಲ್ಲಿ ಹಳೆಯ ಬೂಟ್‌ಲೋಡರ್ ಮಾತನಾಡುವುದು 57,600ರ ವೇಗದಲ್ಲಿ, ಹೊಸದು 1,15,200ರ ವೇಗದಲ್ಲಿ. ಒಬ್ಬ ನಿಧಾನವಾಗಿ ಮಾತನಾಡುತ್ತಿದ್ದಾನೆ, ಇನ್ನೊಬ್ಬ ಎರಡು ಪಟ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಿದ್ದಾನೆ. ಟೂಲ್ಸ್ ಮೆನುವಿನಲ್ಲಿ "ಓಲ್ಡ್ ಬೂಟ್‌ಲೋಡರ್" ಎಂದು ಆರಿಸಿದೆ. ಪುಟ್ಟ ದೀಪ ಮಿನುಗಿತು. ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತು ನಕ್ಕೆ.

ಆಮೇಲೆ ಒಳಗಿನ ಕೆಲಸ ಅರ್ಥವಾಗುತ್ತಾ ಹೋಯಿತು. ಬಟನ್ ಒತ್ತಿದಾಗ ಮೊದಲು ನಾವು ಬರೆದದ್ದು ಚಿಪ್ಪಿನ ಭಾಷೆಗೆ ತಿರುಗಿ ಹೆಕ್ಸ್ ಫೈಲ್ ಆಗುತ್ತದೆ. ಎವಿಆರ್‌ಡ್ಯೂಡ್ ಬೋರ್ಡನ್ನು ಒಮ್ಮೆ ರೀಸೆಟ್ ಮಾಡುತ್ತದೆ. ಎಚ್ಚರವಾದ ಬೂಟ್‌ಲೋಡರ್ ಅರೆಗಳಿಗೆ ಕಾದು ಕೂರುತ್ತದೆ, ಯಾರಾದರೂ ಕರೆಯುತ್ತಾರಾ ಎಂದು. ಕರೆದರೆ ಮೊದಲ ಪ್ರಶ್ನೆ, ನೀನು ಯಾರು? ಎಟಿಮೆಗಾ328ಪಿ ಚಿಪ್ ಆದರೆ ಅದು ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಬೇರೆ ಸಂಖ್ಯೆ ಹೇಳಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸರಿ ಇದ್ದರೆ 128 ಬೈಟ್‌ಗಳ ಒಂದೊಂದು ಪುಟವಾಗಿ ಬರೆಯುತ್ತಾ ಹೋಗುತ್ತದೆ. ಇಡೀ ಚಿಪ್ಪಿನ ಜಾಗ 32 ಕಿಲೋಬೈಟ್, ಮೊಬೈಲಿನ ಒಂದು ಫೋಟೋ ಹಿಡಿಯದಷ್ಟು.

ನನಗೆ ತುಂಬಾ ಇಷ್ಟವಾದದ್ದು ಕೊನೆಯ ಹಂತ. ಬರೆದು ಮುಗಿದ ಮೇಲೆ ಎವಿಆರ್‌ಡ್ಯೂಡ್ ಸುಮ್ಮನೆ ಎದ್ದು ಹೋಗುವುದಿಲ್ಲ. ಚಿಪ್ಪಿನಲ್ಲಿ ಬರೆದದ್ದನ್ನು ಪೂರ್ತಿ ಹಿಂದಕ್ಕೆ ಓದಿ, ಫೈಲಿನ ಜೊತೆ ಒಂದೊಂದೇ ಬೈಟ್ ಹೋಲಿಸುತ್ತದೆ. ಒಂದು ವ್ಯತ್ಯಾಸವಿದ್ದರೂ ಯಾವ ಜಾಗದಲ್ಲಿ ಎಂದು ಹೇಳಿ ತಪ್ಪು ತೋರಿಸುತ್ತದೆ. ಇದನ್ನು ವೆರಿಫೈ ಎನ್ನುತ್ತಾರೆ. ನೋಡಿದ ಕೂಡಲೇ ನನಗೆ ಬಾಪನ ನೆನಪಾಯಿತು. ಊರಿಗೆ ಬಂದಾಗ ಹೇಳಿಯೂ ಹೇಳಿದೆ. "ಬಾಪ, ಈ ಸಾಫ್ಟ್‌ವೇರೂ ನಿಮ್ಮ ಹಾಗೇ. ಬರೆದು ಮತ್ತೆ ಓದುತ್ತದೆ."

ಬಾಪ ಕನ್ನಡಕ ಸರಿ ಮಾಡಿಕೊಂಡು ಕೇಳಿದರು. "ಯಾರಿಗೆ ಓದಿ ಹೇಳುತ್ತದೆ?"

"ಯಾರಿಗೂ ಇಲ್ಲ. ತಾನೇ ಓದಿ ತಾನೇ ನೋಡಿಕೊಳ್ಳುತ್ತದೆ."

"ಹಾಗಾದರೆ ಅರ್ಧ ಮಾತ್ರ ನನ್ನ ಹಾಗೆ" ಎಂದರು. ನಾನು ನಕ್ಕು ಬಿಟ್ಟೆ.

2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆದೇಶದಂತೆ ಘಾಟಿಯಲ್ಲಿ ರಾತ್ರಿ ವಾಹನ ನಿಂತಿತು. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ಲಾರಿಗೆ ಸಿಕ್ಕಿ ಸಾಯುತ್ತಿದ್ದವು. ಎಷ್ಟೋ ಜಿಂಕೆಗಳನ್ನು ನಾವೇ ನೋಡಿದ್ದೇವೆ, ಆದೇಶ ತಪ್ಪು ಎಂದು ಹೇಳಲಾರೆ. ಆದರೆ ನಮ್ಮ ಅಂಗಡಿಯ ರಾತ್ರಿ ಚಹಾ ವ್ಯಾಪಾರ ಮುಗಿಯಿತು. ಬಾಪನಿಗೆ ಮಂಡಿನೋವು ಬೇರೆ. ನಾನು ಕೆಲಸ ಬಿಟ್ಟು ಊರಿಗೆ ಬಂದೆ. ಹಗಲು ಅಂಗಡಿ, ಸಂಜೆ ಹಿಂದಿನ ಕೋಣೆಯಲ್ಲಿ ಬೋರ್ಡು, ಸೋಲ್ಡರಿಂಗ್.

ಅಂಗಡಿಗೆ ಬರುವ ರೈತರ ಬಾಯಲ್ಲಿ ಒಂದೇ ಸುದ್ದಿ, ಆನೆ. ತಾಳವಾಡಿ ಬಯಲಿನಲ್ಲಿ ಕಬ್ಬು, ಬಾಳೆ, ಜೋಳ, ಕೋಸು ಬೆಳೆಯುತ್ತಾರೆ. ಹಾಸನೂರು ಕಡೆ ಕಬ್ಬಿನ ಲಾರಿ ತಡೆದು ಕಬ್ಬು ಎಳೆದು ತಿನ್ನುವ ಆನೆಗಳನ್ನು ನೀವು ವೀಡಿಯೊಗಳಲ್ಲಿ ನೋಡಿರಬಹುದು. ಹೊಲಕ್ಕೆ ಸೋಲಾರ್ ಬೇಲಿ ಹಾಕುತ್ತಾರೆ. ಅದರಲ್ಲಿ ಕರೆಂಟು ಸತತವಾಗಿ ಹರಿಯುವುದಿಲ್ಲ. ಸೆಕೆಂಡಿಗೊಮ್ಮೆ ಎನ್ನುವ ಹಾಗೆ ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಮಿಡಿತ ಬರುತ್ತದೆ. ಹೊಡೆತ ಜೋರು, ಆದರೆ ಪ್ರಾಣ ಹೋಗುವುದಿಲ್ಲ. ಲೈನಿನ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ. ಅದರಲ್ಲಿ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

ಆನೆ ಬುದ್ಧಿವಂತ ಪ್ರಾಣಿ. ಪಕ್ಕದ ಮರ ತಳ್ಳಿ ತಂತಿಯ ಮೇಲೆ ಬೀಳಿಸುತ್ತದೆ. ತಂತಿ ತುಂಡಾದರೆ ಮುಂದಿನ ಬೇಲಿ ಬರೀ ದಾರ. ಮಲಗಿದ ರೈತನಿಗೆ ಬೆಳಿಗ್ಗೆಯೇ ಗೊತ್ತಾಗುವುದು. ನಾನು ಮಾಡಿದ ಡಬ್ಬಿ ಇದಕ್ಕೇ. ಬೇಲಿಯ ಕೊನೆಯ ಕಂಬದಲ್ಲಿ ತಂತಿಗೆ ತಾಗದ ಹಾಗೆ ಒಂದು ಇನ್ಸುಲೇಷನ್ ವಯರು ಕಟ್ಟಿ ಮಿಡಿತ ಹಿಡಿಯುವುದು, ನ್ಯಾನೊ ಬೋರ್ಡು ಅದನ್ನು ಎಣಿಸುವುದು, ಒಂದು ನಿಮಿಷ ಮಿಡಿತ ಬರದಿದ್ದರೆ ಸಿಮ್ ಹಾಕಿದ ಮೋಡ್ಯೂಲ್‌ನಿಂದ ರೈತನ ಫೋನಿಗೆ ಕರೆ ಹೋಗುವುದು.

ಮೊದಲ ಡಬ್ಬಿ ಕೊಂಡವರು ತಾಳವಾಡಿ ಕಡೆಯ ಒಬ್ಬ ಗೌಡರು. ಬಾಪನ ಮೂವತ್ತು ವರ್ಷದ ಗಿರಾಕಿ. ಒಂದೂವರೆ ಎಕರೆ ನೇಂದ್ರ ಬಾಳೆ, ಗೊನೆ ಬಲಿಯುವ ಹೊತ್ತು. "ಸಾಬ್ರ ಮಗ ಮಾಡವ್ನೆ ಅಂದ್ರ ಸಾಕು" ಎಂದು ದುಡ್ಡು ಎಣಿಸಿ ಕೊಟ್ಟರು.

ಡಬ್ಬಿ ಕಟ್ಟಲು ಹೋಗುವ ದಿನ ಬೆಳಿಗ್ಗೆ ಅಂಗಡಿಯಲ್ಲಿ ರಶ್ಶು. ಮಧ್ಯೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಲ್ಯಾಪ್‌ಟಾಪ್ ತೆರೆದೆ. ಐಡಿಇ ತೆರೆದರೆ ಹಿಂದಿನ ಸಲ ತೆರೆದಿದ್ದ ಫೈಲೇ ಎದುರಿಗೆ ಬರುತ್ತದೆ. ಅಪ್‌ಲೋಡ್ ಒತ್ತಿದೆ. ಬರೆಯಿತು, ಓದಿತು, ಹೋಲಿಸಿತು. "ಡನ್ ಅಪ್‌ಲೋಡಿಂಗ್." ಒಂದು ಬೈಟ್ ತಪ್ಪಿಲ್ಲ. ಬೈಕಿನಲ್ಲಿ ಹೋಗಿ ಕಂಬಕ್ಕೆ ಕಟ್ಟಿ, ದೀಪ ಮಿನುಗುವುದನ್ನು ಗೌಡರಿಗೆ ತೋರಿಸಿ, ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಬಂದೆ.

ಐದನೇ ದಿನ ಬೆಳಿಗ್ಗೆ ಎದ್ದು ಫೋನ್ ತೆಗೆದುಕೊಂಡೆ. ದಿಂಬಂನ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಡಿಯ ಕಿಟಕಿಯ ಹತ್ತಿರ ಮಾತ್ರ, ಹಾಗಾಗಿ ಫೋನ್ ರಾತ್ರಿ ಅಲ್ಲೇ ಚಾರ್ಜಿಗೆ ಇರುತ್ತದೆ. ನಾನು ಮಲಗುವುದು ಹಿಂದಿನ ಕೋಣೆಯಲ್ಲಿ. ಪರದೆಯ ಮೇಲೆ 14 ಮಿಸ್ಡ್ ಕಾಲ್. ಮೊದಲನೆಯದು ರಾತ್ರಿ 2.10ಕ್ಕೆ. ಎಲ್ಲವೂ ಗೌಡರ ಡಬ್ಬಿಯ ಸಿಮ್ಮಿನಿಂದ.

ಅಲ್ಲೇ ನಿಂತೆ. ಏನಾಗಿದೆ ಎಂದು ತಿಳಿಯಲು ಲ್ಯಾಪ್‌ಟಾಪ್ ತೆರೆಯುವ ಅಗತ್ಯ ಇರಲಿಲ್ಲ. ನನ್ನಲ್ಲಿ ಎರಡು ಫೈಲುಗಳಿದ್ದವು. ಒಂದು ಮನೆಯಲ್ಲಿ ಪರೀಕ್ಷೆ ಮಾಡಲು, ಅದರಲ್ಲಿ ನನ್ನ ನಂಬರ್. ಇನ್ನೊಂದು ಗೌಡರಿಗೆ, ಅದರಲ್ಲಿ ಅವರ ನಂಬರ್. ನಾನು ಇಳಿಸಿದ್ದು ಪರೀಕ್ಷೆಯ ಫೈಲು. ಡಬ್ಬಿ ತನ್ನ ಕೆಲಸ ಸರಿಯಾಗಿ ಮಾಡಿತ್ತು. ನಾನು ಹೇಳಿದವನನ್ನೇ 14 ಸಲ ಕರೆದಿತ್ತು.

ಹತ್ತು ಗಂಟೆಗೆ ಗೌಡರು ಬಂದರು. ಕೂಗಾಡಲಿಲ್ಲ. ಬೆಂಚಿನಲ್ಲಿ ಕೂತರು. ಮುನ್ನೂರಕ್ಕಿಂತ ಹೆಚ್ಚು ಗಿಡ ಹೋಗಿದೆ ಎಂದರು. "ಇಷ್ಟ್ ದಿನ ಅಟ್ಟಣೆ ಮೇಲೆ ಮಲಗ್ತಿದ್ದೆ ಕಣಪ್ಪ. ನಿನ್ ಡಬ್ಬಿ ಅದಲ್ಲ ಅಂತ ಈ ನಾಕ್ ದಿನ ಮನೇಲಿ ಮಲಗಿದ್ದೆ. ಫೋನೇ ಬರ್ಲಿಲ್ಲ."

ಆಗ ನಾನು ಹೇಳಿದ್ದು ಇದು. "ನೆಟ್‌ವರ್ಕ್ ಸಿಕ್ಕಿರಲಿಕ್ಕಿಲ್ಲ ಗೌಡ್ರೆ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಗೌಡರು ತಲೆಯಾಡಿಸಿದರು. ಈ ಬೆಟ್ಟದಲ್ಲಿ ನೆಟ್‌ವರ್ಕ್ ಇರಲಿಲ್ಲ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಸಾಕ್ಷಿ ಇದ್ದದ್ದು ನನ್ನ ಜೇಬಿನ ಫೋನಿನಲ್ಲಿ ಮಾತ್ರ, ಅದನ್ನು ಅಳಿಸಲು ಒಂದು ಬೆರಳು ಸಾಕು. ಅವರು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕೆಂದು ಎದ್ದು ಹೋದರು. ಬಾಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಏನೂ ಹೇಳಲಿಲ್ಲ.

ಎರಡು ದಿನ ನನಗೆ ಊಟ ಸೇರಲಿಲ್ಲ. ಎರಡನೇ ರಾತ್ರಿ ಉಮ್ಮ ಮಲಗಿದ ಮೇಲೆ ಬಾಪನ ಹತ್ತಿರ ಕೂತು ಎಲ್ಲ ಹೇಳಿದೆ. ಫೋನ್ ತೋರಿಸಿದೆ. ಬಾಪ ಕನ್ನಡಕ ಹಾಕಿಕೊಂಡು 14 ಕರೆಗಳನ್ನೂ ಒಂದೊಂದಾಗಿ ನೋಡಿದರು, ಪೊಟ್ಟಣ ಮುಟ್ಟಿ ನೋಡುವ ಹಾಗೆ. ಆಮೇಲೆ ಕೇಳಿದರು. "ಕಟ್ಟುವ ಮುಂಚೆ ಗೌಡರ ಎದುರು ಒಮ್ಮೆ ಅವರ ಫೋನ್ ಬಡಿಸಿ ನೋಡಿದೆಯಾ?"

ಇಲ್ಲ ಎಂದೆ. ಸಾಫ್ಟ್‌ವೇರ್ ಸರಿ ಇದೆ ಎಂದು ಹೇಳಿತ್ತು ಎಂದೆ.

"ಚೀಟಿಯಲ್ಲೇ ಉಪ್ಪಿನ ಬದಲು ಸಕ್ಕರೆ ಅಂತ ಬರೆದಿದ್ದರೆ, ಪೊಟ್ಟಣ ನೂರು ಸಲ ಮುಟ್ಟಿ ನೋಡಿದರೂ ಸಕ್ಕರೆಯೇ ಮೋನೆ" ಎಂದರು. "ಬೆಳಿಗ್ಗೆ ಹೋಗುವ. ನಾನೂ ಬರುತ್ತೇನೆ."

ಬಾಪ ಮಂಡಿನೋವಿನಲ್ಲಿ ಬಸ್ಸು ಹತ್ತಿ ಬಂದರು. ಗೌಡರ ಜಗಲಿಯಲ್ಲಿ ಕೂತು ನಾನೇ ಹೇಳಿದೆ. ಬಾಪ ಬಾಯಿ ಬಿಡಲಿಲ್ಲ, ನನ್ನ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಗೌಡರ ಹೆಂಡತಿ ಒಳಗೆ ಹೋದರು, ಮಜ್ಜಿಗೆ ಬರಲಿಲ್ಲ. ಗೌಡರು ಬಹಳ ಹೊತ್ತು ನೆಲ ನೋಡುತ್ತಾ ಕೂತು ಕೊನೆಗೆ ಹೇಳಿದರು. "ಫೋನ್ ಬಂದಿದ್ರ ನಾನ್ ಓಡ್ತಿದ್ದೆ. ತ್ವಾಟ ಉಳೀತಿತ್ತೋ, ನಾನೇ ಆನೆ ಕಾಲ್ಗೆ ಸಿಕ್ತಿದ್ನೋ, ಯಾರ್ ಬಲ್ಲ. ಆದ್ರ ಅವತ್ತೇ ಹೇಳ್ಬೇಕಿತ್ತು ಕಣಪ್ಪ ನೀನು."

ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಡಬ್ಬಿಯ ದುಡ್ಡು ವಾಪಸ್ ಕೊಟ್ಟೆ. ಮುಂದಿನ ಬೆಳೆಯ ಬಾಳೆಗಂದಿನ ಖರ್ಚು ನಾನು ಕೊಡುತ್ತೇನೆ ಎಂದೆ. ಮೊದಲು ಬೇಡ ಎಂದವರು ಆಮೇಲೆ ಅರ್ಧಕ್ಕೆ ಒಪ್ಪಿದರು. ಅದು ತೀರಲು ಹತ್ತು ತಿಂಗಳು ಬೇಕಾಯಿತು. ಆ ಹತ್ತು ತಿಂಗಳೂ ಅವರು ದಿನಸಿ ಒಯ್ದದ್ದು ನಮ್ಮ ಅಂಗಡಿಯಿಂದಲೇ. ಆದರೆ ಬಾಪ ಚೀಟಿ ಓದುವಾಗ ಮುಂಚೆ ನಗುತ್ತಾ ಹೂಂ ಎನ್ನುತ್ತಿದ್ದವರು ಈಗ ಕಿವಿಗೊಟ್ಟು ಕೇಳುತ್ತಿದ್ದರು. ನನಗೆ ಎಲ್ಲಕ್ಕಿಂತ ನೋವಾದದ್ದು ಅದು.

ಡಬ್ಬಿ ಬಿಡಲಿಲ್ಲ, ಬದಲಾಯಿಸಿದೆ. ಈಗ ಫೋನ್ ನಂಬರ್ ಪ್ರೋಗ್ರಾಂ ಒಳಗೆ ಇಲ್ಲ. ಅದೇ ಚಿಪ್ಪಿನಲ್ಲಿ ಈಪ್ರಾಮ್ ಎಂಬ 1,024 ಬೈಟ್‌ಗಳ ಇನ್ನೊಂದು ಜಾಗವಿದೆ. ಕರೆಂಟು ಹೋದರೂ ಅಳಿಯುವುದಿಲ್ಲ, ಬೂಟ್‌ಲೋಡರ್ ಮೂಲಕ ಹೊಸ ಪ್ರೋಗ್ರಾಂ ಇಳಿಸಿದರೂ ಹಾಗೇ ಇರುತ್ತದೆ. ನಂಬರ್ ಅಲ್ಲಿ ಕೂರುತ್ತದೆ, ಅದನ್ನು ರೈತರೇ ಕೊಡುತ್ತಾರೆ. ಸೆಟ್ ಬಟನ್ ಒತ್ತಿಕೊಂಡು ತಮ್ಮ ಫೋನಿನಿಂದ ಡಬ್ಬಿಗೆ ಒಂದು ಕರೆ ಮಾಡಬೇಕು. ಡಬ್ಬಿ ಆ ನಂಬರ್ ಬರೆದುಕೊಂಡು ಕೂಡಲೇ ತಿರುಗಿ ಕರೆಯುತ್ತದೆ. ರೈತನ ಕೈಯಲ್ಲಿ ಫೋನ್ ಬಡಿದರೆ ಮಾತ್ರ ನಾನು ಕಂಬದಿಂದ ಇಳಿಯುತ್ತೇನೆ. ಆಮೇಲೆ ಬೇಲಿಯ ತಂತಿಯನ್ನು ನಾನೇ ಬಿಚ್ಚಿ ಒಂದು ನಿಮಿಷ ಕಾಯುತ್ತೇವೆ, ಇನ್ನೊಮ್ಮೆ ಬಡಿಯಬೇಕು.

ಜೊತೆಗೆ ದಿನವೂ ಸಂಜೆ ಆರಕ್ಕೆ ಒಂದು ಮಿಸ್ಡ್ ಕಾಲ್. ಏನೂ ಆಗಿಲ್ಲದಿದ್ದರೂ. ಕಾಲ್ ಬಂದರೆ ಡಬ್ಬಿ ಬದುಕಿದೆ. ಬರದಿದ್ದರೆ ಬ್ಯಾಟರಿಯೋ, ಸಿಮ್ಮೋ, ನೆಟ್‌ವರ್ಕೋ ಹೋಗಿದೆ, ಆ ರಾತ್ರಿ ಡಬ್ಬಿ ನಂಬಿ ಮಲಗಬೇಡಿ ಎಂದು ಅರ್ಥ. ಮೊದಲಿನ ಡಬ್ಬಿಯಲ್ಲಿ ಸುಮ್ಮನಿರುವುದಕ್ಕೆ ಎರಡು ಅರ್ಥ ಇತ್ತು, ಆನೆ ಬಂದಿಲ್ಲ ಎಂದೂ ಇರಬಹುದು, ಡಬ್ಬಿ ಸತ್ತಿದೆ ಎಂದೂ ಇರಬಹುದು. ಅದು ಹೋಯಿತು.

ಎವಿಆರ್‌ಡ್ಯೂಡ್ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆದಿದ್ದೇನೆ ಎಂದಷ್ಟೇ ಅದು ಹೇಳುವುದು. ಅದು ಪೊಟ್ಟಣ ಮುಟ್ಟಿ ನೋಡುವ ಎರಡನೇ ಓದು. ಗಿರಾಕಿಗೆ ಓದಿ ಹೇಳುವ ಮೊದಲನೇ ಓದು ಯಾವ ತಂತ್ರಾಂಶದಲ್ಲೂ ಇಲ್ಲ, ಅದನ್ನು ನಾವೇ ಮಾಡಬೇಕು. "ಡನ್" ಎಂಬ ಅಕ್ಷರ ಕಂಡ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡದ್ದು ನನ್ನ ತಪ್ಪು.

ನಮ್ಮ ಮಕ್ಕಳಲ್ಲಿ ಡಿಪ್ಲೊಮಾ, ಐಟಿಐ ಮಾಡಿದವರು ಬಹಳ ಇದ್ದಾರೆ. ಒಂದು ಬೋರ್ಡು ತೆಗೆದುಕೊಳ್ಳಿ, ಡೇಟಾ ಹೋಗುವ ಕೇಬಲ್ ತೆಗೆದುಕೊಳ್ಳಿ, ಪರೀಕ್ಷೆಯ ಫೈಲನ್ನೂ ಗಿರಾಕಿಯ ಫೈಲನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ ಇಡಿ. ಹೆಚ್ಚಿನದು ತಾನಾಗಿ ಬರುತ್ತದೆ. ತಪ್ಪಾದರೆ ಅವತ್ತೇ ಹೇಳಿ. ಎರಡು ದಿನ ಬಿಟ್ಟು ಹೇಳಿದವನು ನಾನು, ಅದರ ಬೆಲೆ ನನಗೆ ಗೊತ್ತು.

ಈಗ ಬೇಲಿಗಳಲ್ಲಿ ನನ್ನ ಒಂಬತ್ತು ಡಬ್ಬಿಗಳಿವೆ. ಒಂಬತ್ತನೆಯದು ಗೌಡರದು, ಹೋದ ವರ್ಷ ಅವರೇ ಕೇಳಿ ಹಾಕಿಸಿಕೊಂಡರು. ಅಟ್ಟಣೆಯಲ್ಲಿ ಮಲಗುವುದನ್ನು ಮಾತ್ರ ಬಿಟ್ಟಿಲ್ಲ. ಬಿಡಿ ಎಂದು ನಾನೂ ಹೇಳಿಲ್ಲ.